ಸೂಲಗಿತ್ತಿ ನರಸಮ್ಮ: 15,000 ಅನ್ನೋ ಲೆಕ್ಕ ಬಿಟ್ಟು ಬೇರೇನು ನೆನಪಿದೆ?

ಮಧುಗಿರಿ ಮೊಮ್ಮಗಳು

ಡಿಸೆಂಬರ್ 25 ಬಂತು ಅಂದ್ರೆ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಎರಡು ಫೋಟೋ ಬರುತ್ತವೆ. ಒಂದು ಕ್ರಿಸ್‌ಮಸ್ ಶುಭಾಶಯದ್ದು. ಇನ್ನೊಂದು ನರಸಮ್ಮ ಅವರು ಆಗಿನ ರಾಷ್ಟ್ರಪತಿ ಕೋವಿಂದ್ ಅವರಿಂದ ಪದ್ಮಶ್ರೀ ತೆಗೆದುಕೊಳ್ಳುತ್ತಿರುವುದು. ಕೆಳಗೆ ಮೂರೇ ಮಾತು: 15,000 ಹೆರಿಗೆ, ಒಂದು ಪೈಸೆ ಮುಟ್ಟಲಿಲ್ಲ, ಕೋಟಿ ನಮನ. ಎಲ್ಲರೂ ಕೈಮುಗಿಯುವ ಚಿತ್ರ ಒತ್ತುತ್ತಾರೆ. ಅಲ್ಲಿಗೆ ಮುಗೀತು.

ನನಗೆ ಇಷ್ಟಕ್ಕೆ ಸಮಾಧಾನ ಇಲ್ಲ. ತೊಂಬತ್ತೆಂಟು ವರ್ಷ ಬದುಕಿದ ಹೆಂಗಸನ್ನು ಮೂರು ಮಾತಿಗೆ ಇಳಿಸೋದು ಅಂದ್ರೇನು? ಗೊತ್ತಿಲ್ಲದವರಿಗಾಗಿ ಸ್ವಲ್ಪ ಹೇಳುತ್ತೇನೆ. ಪಾವಗಡ ತಾಲ್ಲೂಕಿನ ಕೃಷ್ಣಾಪುರದವರು. ಹುಟ್ಟಿದ್ದು 1920ರಲ್ಲಿ. ಮನೆಮಾತು ತೆಲುಗು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಹನ್ನೆರಡಕ್ಕೆ ಮದುವೆ, ಗಂಡನ ಹೆಸರು ಅಂಜಿನಪ್ಪ. ಹನ್ನೆರಡು ಮಕ್ಕಳು, ಅದರಲ್ಲಿ ನಾಲ್ಕು ಚಿಕ್ಕಂದಿನಲ್ಲೇ ಹೋದವು. ವಿದ್ಯೆ ಬಂದಿದ್ದು ಅಜ್ಜಿ ಮರಿಗೆಮ್ಮನಿಂದ. ಆ ಅಜ್ಜಿ ನರಸಮ್ಮನ ಹೆರಿಗೆಗಳಲ್ಲಿ ಐದನ್ನು ತಾನೇ ಮಾಡಿಸಿದ್ದಳು. ಅಂದರೆ ಪಾಠ ನಡೆದಿದ್ದು ತನ್ನ ಮೈಮೇಲೆಯೇ. ಇಪ್ಪತ್ತರ ವಯಸ್ಸಿಗೆ ಬಂಧುಗಳ ಮನೆಯಲ್ಲಿ ಮೊದಲ ಹೆರಿಗೆ ಮಾಡಿಸಿದರು. ಆಮೇಲೆ ಎಪ್ಪತ್ತು ವರ್ಷ ನಿಲ್ಲಲೇ ಇಲ್ಲ. ಊರಿಗೆ ಬಂದುಹೋಗುವ ಅಲೆಮಾರಿ ಜನರಿಂದ ಬಸುರಿಯರಿಗೆ ಕೊಡುವ ನಾರುಬೇರಿನ ಮದ್ದು ಕಲಿತರು. 2014ರಲ್ಲಿ ತುಮಕೂರು ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 2018ರಲ್ಲಿ ಪದ್ಮಶ್ರೀ. ಅದೇ ವರ್ಷ ಡಿಸೆಂಬರ್ 25ರಂದು ಬೆಂಗಳೂರಿನ ಆಸ್ಪತ್ರೆಯಲ್ಲಿ ತೀರಿಕೊಂಡರು.

ನನ್ನ ತಲೆ ತಿನ್ನುವ ವಿಷಯ ಬೇರೆ. ಹನ್ನೆರಡು ಹೆತ್ತು, ಬಡತನದ ಸಂಸಾರ ಸಾಗಿಸುತ್ತಾ, ನಡುರಾತ್ರಿ ಯಾರೋ ಬಾಗಿಲು ತಟ್ಟಿದರೆ ಎದ್ದು ಹೋಗುವ ಸ್ವಾತಂತ್ರ್ಯ ಆ ಕಾಲದ ಹೆಂಗಸಿಗೆ ಹೇಗೆ ಸಿಕ್ಕಿತು? ಯಾರನ್ನು ಕೇಳಿ ಹೋಗುತ್ತಿದ್ದರು? ನಿಮ್ಮ ಊರಿನಲ್ಲೂ ಇಂಥವರು ಇದ್ದೇ ಇರುತ್ತಾರೆ. ಅವರ ಬಗ್ಗೆಯೂ ಬರೆಯಿರಿ.

ಶೇಂಗಾ ಹೊಲ

ನಾನು ಪಾವಗಡದವನು. ಹೊರಗಿನವರಿಗೆ ನಮ್ಮ ತಾಲ್ಲೂಕಿನ ಪರಿಸ್ಥಿತಿ ಗೊತ್ತಿಲ್ಲದಿದ್ದರೆ ನರಸಮ್ಮ ಅರ್ಥ ಆಗುವುದಿಲ್ಲ. ನಕಾಶೆ ತೆಗೆದು ನೋಡಿ. ಹೆಸರಿಗೆ ತುಮಕೂರು ಜಿಲ್ಲೆ, ಸುತ್ತಮುತ್ತ ಬಹುಪಾಲು ಆಂಧ್ರ. ಮಧುಗಿರಿಯಿಂದ ಪಾವಗಡಕ್ಕೆ ಬಸ್ಸು ಹತ್ತಿದರೆ ನಡುವೆ ಆಂಧ್ರದ ನೆಲ ದಾಟಿಯೇ ಬರಬೇಕು. ಜಿಲ್ಲಾ ಕೇಂದ್ರ ನೂರು ಕಿಲೋಮೀಟರ್ ಆಸುಪಾಸು. ಮಳೆ ಕಮ್ಮಿ, ಶೇಂಗಾ ಬಿಟ್ಟರೆ ಬೇರೆ ಗತಿ ಇಲ್ಲ, ಕುಡಿಯುವ ನೀರಿನಲ್ಲಿ ಫ್ಲೋರೈಡ್. ಅರ್ಧ ಊರು ತೆಲುಗು, ಅರ್ಧ ಕನ್ನಡ. ಜಗಳಕ್ಕೊಂದು ಭಾಷೆ, ಲೆಕ್ಕಕ್ಕೊಂದು ಭಾಷೆ.

ಈಗ ತಿರುಮಣಿ ಕಡೆ 13,000 ಎಕರೆಯಲ್ಲಿ ಸೋಲಾರ್ ಪಾರ್ಕ್ ಬಂದಿದೆ, 2,050 ಮೆಗಾವ್ಯಾಟ್. ಜನ ನೋಡಲಿಕ್ಕೆ ಬರುತ್ತಾರೆ. ನರಸಮ್ಮನ ಕಾಲದಲ್ಲಿ ಅದೇ ಸೀಮೆಯಲ್ಲಿ ಹೆರಿಗೆ ಕೋಣೆಯಲ್ಲಿ ಉರಿಯುತ್ತಿದ್ದಿದ್ದು ಸೀಮೆಎಣ್ಣೆ ಬುಡ್ಡಿ. ನೋವು ಶುರುವಾದ ಮೇಲೆ ಗಾಡಿ ಕಟ್ಟಿ ತುಮಕೂರಿಗೆ ಹೊರಡುವುದು ಅಂದರೆ ದಾರಿಯಲ್ಲೇ ಹೆರುವುದು ಅಂತ ಅರ್ಥ. ಹಾಗಾಗಿ ಸೂಲಗಿತ್ತಿ ಅಂದರೆ ಆಸ್ಪತ್ರೆ ಬೇಡ ಅಂದವರು ಹಿಡಿದ ದಾರಿಯಲ್ಲ. ನಮ್ಮ ಕಡೆ ಇದ್ದ ಆಸ್ಪತ್ರೆಯೇ ಅದು.

ಲೆಕ್ಕದ ಮೇಷ್ಟ್ರು

ಬೇಜಾರು ಮಾಡಿಕೊಳ್ಳಬೇಡಿ, ಒಂದು ಲೆಕ್ಕ ಕೇಳುತ್ತೇನೆ. 15,000ವನ್ನು 70ರಿಂದ ಭಾಗಿಸಿದರೆ ವರ್ಷಕ್ಕೆ 214 ಚಿಲ್ಲರೆ. ವಾರಕ್ಕೆ ನಾಲ್ಕು. ಎಪ್ಪತ್ತು ವರ್ಷ, ಬಿಡುವಿಲ್ಲದೆ. ಅದರ ನಡುವೆ ಅವರದೇ ಹನ್ನೆರಡು ಬಾಣಂತನ ಬೇರೆ. ಒಂದೊಂದು ಹೆರಿಗೆ ರಾತ್ರಿಯಿಡೀ ತೆಗೆದುಕೊಳ್ಳುತ್ತೆ. ನಂಬಬೇಕಾ? ಅವರ ದೊಡ್ಡತನದ ಬಗ್ಗೆ ನನಗೆ ಅನುಮಾನ ಇಲ್ಲ. ಆ ಸಂಖ್ಯೆಯ ಬಗ್ಗೆ ಇದೆ.

ಶೇಂಗಾ ಹೊಲ

ಮೇಷ್ಟ್ರೇ, ರಿಜಿಸ್ಟರ್ ಯಾರು ಬರೆದಿಟ್ಟಿದ್ದರು? ಅಕ್ಷರ ಬರದ ಹೆಂಗಸು, ಲೆಕ್ಕ ಬೇಡದ ಕೆಲಸ. ಸುತ್ತಲಿನ ಹಳ್ಳಿಗಳಿಂದೆಲ್ಲ ಕರೆ ಬರುತ್ತಿತ್ತು. ಒಂದೊಂದು ಮನೆಯಲ್ಲಿ ಎಂಟು ಹತ್ತು ಮಕ್ಕಳು ಹುಟ್ಟುತ್ತಿದ್ದ ಕಾಲ. ವಾರಕ್ಕೆ ನಾಲ್ಕು ಆಗಿರಲಾರದು ಅನ್ನಲು ನನಗೆ ಕಾರಣ ಕಾಣುತ್ತಿಲ್ಲ. ಹಾಗಂತ ಎಣಿಸಿದವರು ಯಾರೂ ಇಲ್ಲ ಅನ್ನೋದೂ ನಿಜ. ಹತ್ತು ಸಾವಿರವೇ ಇರಲಿ, ಅವರು ಚಿಕ್ಕವರಾಗಿಬಿಡುತ್ತಾರಾ?

ಲೆಕ್ಕದ ಮೇಷ್ಟ್ರು

ಆಗುವುದಿಲ್ಲ. ಅದಕ್ಕೇ ಆ ಸಂಖ್ಯೆಗೆ ಅಷ್ಟು ಜೋತುಬೀಳಬೇಡಿ ಅಂದಿದ್ದು. ಮೊದಲ ಬರಹದಲ್ಲಿ ತಂಗಿ ಹೇಳಿದ್ದೂ ಅದನ್ನೇ ಅಲ್ವಾ.

ಹಳೇ ಸಿಸ್ಟರ್

ನಾನು ಏಎನ್ಎಂ, ಅಂದರೆ ಹಳ್ಳಿಗಳ ಸಹಾಯಕ ನರ್ಸ್ ಆಗಿದ್ದವಳು, ತುಮಕೂರು ಜಿಲ್ಲೆಯ ಉಪಕೇಂದ್ರಗಳಲ್ಲೇ ನೌಕರಿ ಮುಗಿಸಿ ನಿವೃತ್ತಿಯಾದೆ. ನರಸಮ್ಮ ಅವರನ್ನು ಹತ್ತಿರದಿಂದ ಕಂಡವಳಲ್ಲ. ಆದರೆ ಅವರಂಥ ಒಬ್ಬ ಅಜ್ಜಿಯ ಜೊತೆ ಬಹಳ ವರ್ಷ ಕೆಲಸ ಮಾಡಿದ್ದೇನೆ. "ಹೊಟ್ಟೆ ಮುಟ್ಟಿ ಎಲ್ಲಾ ಹೇಳಿಬಿಡುತ್ತಿದ್ದರು" ಅಂತ ಪೇಪರಿನವರು ಪವಾಡದ ಹಾಗೆ ಬರೆಯುತ್ತಾರಲ್ಲ, ಅದು ಪವಾಡ ಅಲ್ಲ. ಹೇಗೆ ಅಂತ ಹೇಳುತ್ತೇನೆ.

ಅಜ್ಜಿ ಮೊದಲು ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು. ಅಂಗೈಗೆ ಎರಡು ಹನಿ ಹರಳೆಣ್ಣೆ ಹಾಕಿ ಚೆನ್ನಾಗಿ ಉಜ್ಜಿ, ಆಮೇಲೆ ಹೊಟ್ಟೆ ಮೇಲೆ ಇಡುವುದು. ತಣ್ಣನೆ ಕೈ ಇಟ್ಟರೆ ಹೊಟ್ಟೆ ಬಿಗಿಯಾಗುತ್ತೆ, ಏನೂ ಸಿಗೋದಿಲ್ಲ. ಮೇಲ್ಗಡೆ ಮೆತ್ತಗೆ, ಅಗಲಕ್ಕೆ ಸಿಕ್ಕಿದರೆ ಮಗುವಿನ ಕುಂಡಿ. ಕೆಳಗಡೆ ಗಟ್ಟಿಯಾಗಿ ದುಂಡಗೆ ಸಿಕ್ಕಿದರೆ ತಲೆ. ಒಂದು ಪಕ್ಕದಲ್ಲಿ ಉದ್ದಕ್ಕೆ ನಯವಾಗಿ ಸಿಕ್ಕಿದರೆ ಬೆನ್ನು, ಎದುರು ಪಕ್ಕದಲ್ಲಿ ಗಂಟುಗಂಟಾಗಿ ಸಿಕ್ಕಿದರೆ ಕೈಕಾಲು. ತಲೆಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಅಲ್ಲಾಡಿಸುತ್ತಿದ್ದಳು. ಅಲ್ಲಾಡಿದರೆ ಇನ್ನೂ ಹೊತ್ತಿದೆ, ಅಲ್ಲಾಡದಿದ್ದರೆ ಕೆಳಗೆ ಇಳಿದು ಕೂತಿದೆ. ಇಷ್ಟೂ ಹೊತ್ತು ಅವಳ ಕಣ್ಣು ಹೊಟ್ಟೆ ಮೇಲೆ ಇರುತ್ತಿರಲಿಲ್ಲ. ಬಸುರಿಯ ಮುಖದ ಮೇಲೆ. ನೋವು ಬಂದು ಹುಬ್ಬು ಗಂಟಾದ ತಕ್ಷಣ ಕೈ ಸುಮ್ಮನೆ ನಿಲ್ಲುತ್ತಿತ್ತು.

ಇದನ್ನೇ ನಮಗೆ ತರಬೇತಿಯಲ್ಲಿ ಲಿಯೊಪೋಲ್ಡ್ ವಿಧಾನ ಅಂತ ಕಲಿಸಿದ್ದು. ನಾಲ್ಕು ಹಿಡಿತ, ಹೆಸರು ಬರೆದು ಬಾಯಿಪಾಠ ಮಾಡಿದ್ದೆ. ಅಜ್ಜಿಗೆ ಹೆಸರು ಗೊತ್ತಿರಲಿಲ್ಲ. ಕೈಗೆ ಗೊತ್ತಿತ್ತು.

ಇನ್ನೊಂದು ವಿಷಯ. ಮಗು ಹೊರಗೆ ಬಂದ ಕೂಡಲೇ ಹೊಕ್ಕುಳಬಳ್ಳಿ ಕತ್ತರಿಸಬೇಕು ಅಂತ ನಮಗೆ ಹೇಳಿಕೊಟ್ಟಿದ್ದರು. ಅಜ್ಜಿ ಮಾಸು ಬೀಳುವ ತನಕ ಕಾಯಬೇಕು ಅನ್ನುತ್ತಿದ್ದಳು. ಇದಕ್ಕೆ ನಮ್ಮಿಬ್ಬರಿಗೂ ಮಾತಿಗೆ ಮಾತು ಬೆಳೆದಿದ್ದೂ ಉಂಟು. ಈಗ ವಿಶ್ವ ಆರೋಗ್ಯ ಸಂಸ್ಥೆಯೇ ಕನಿಷ್ಠ ಒಂದು ನಿಮಿಷ ಕಾಯಿರಿ, ಮಗುವಿಗೆ ರಕ್ತ ಹರಿಯಲಿ, ಕಬ್ಬಿಣಾಂಶ ಸಿಗುತ್ತೆ ಅನ್ನುತ್ತೆ. ಮಲಗಿಸಿಯೇ ಹೆರಿಸಬೇಕು ಅನ್ನೋ ಹಟವೂ ಈಗ ಇಲ್ಲ. ಕುಕ್ಕರುಗಾಲಲ್ಲಿ ಕೂತು, ಗೋಡೆಗೋ ಅಮ್ಮನ ತೋಳಿಗೋ ಒರಗಿ ಹೆರುವುದು ಎಷ್ಟೋ ಜನರಿಗೆ ಸುಲಭ ಅಂತ ಒಪ್ಪುತ್ತಾರೆ.

ಆದರೆ ಪೂರ್ತಿ ಹೇಳಬೇಕಲ್ಲ. ಮೊದಲ ಹಾಲನ್ನು ಹಿಂಡಿ ಚೆಲ್ಲಿಸಿ ಜೇನು ನೆಕ್ಕಿಸುವುದು, ಹರಳೆಣ್ಣೆ ಕುಡಿಸುವುದು, ಕುಡುಗೋಲಿನಲ್ಲಿ ಬಳ್ಳಿ ಕತ್ತರಿಸಿ ಬೂದಿ ಹಚ್ಚುವುದು, ಇದೆಲ್ಲ ನಡೆಯುತ್ತಿತ್ತು. ಎಂಟು ದಿನಕ್ಕೆ ಮಗುವಿನ ದವಡೆ ಬಿಗಿದು ಸತ್ತಿದ್ದನ್ನು ಕಣ್ಣಾರೆ ನೋಡಿದ್ದೇನೆ. ಧನುರ್ವಾಯು. ತಾಯಿಗೆ ಟಿಟಿ ಚುಚ್ಚುಮದ್ದು, ಕುದಿಸಿದ ದಾರ, ಹೊಸ ಬ್ಲೇಡು ಮನೆಮನೆಗೂ ಮುಟ್ಟಿದ ಮೇಲೆಯೇ ಅದು ಇಳಿದಿದ್ದು. 2015ರಲ್ಲಿ ಭಾರತ ಆ ಕಾಯಿಲೆಯಿಂದ ಮುಕ್ತ ಅಂತ ಘೋಷಣೆ ಆಯಿತು. ಅವತ್ತು ನನಗೆ ಆದ ಖುಷಿ ಯಾರಿಗೂ ಅರ್ಥ ಆಗಲಿಲ್ಲ.

ಎಂಟನೇ ತಿಂಗಳು

ಸಿಸ್ಟರ್ ಅಕ್ಕ, ನಾನು ಬೆಂಗಳೂರಿನವಳು, ಚೊಚ್ಚಲ ಬಸುರಿ. ನರಸಮ್ಮ ಅವರ ಬಗ್ಗೆ ಓದಿದ ಮೇಲೆ ಮನೆಯಲ್ಲೇ ಹೆರಿಗೆ ಮಾಡಿಸಿಕೊಂಡರೆ ಹೇಗೆ ಅನಿಸಿದೆ. ಆಸ್ಪತ್ರೆಗೆ ಹೋದರೆ ಕೊಯ್ದೇ ತೆಗೆಯುತ್ತಾರೆ ಅಂತ ಭಯ. ನಮ್ಮ ಬಳಗದಲ್ಲಿ ಇತ್ತೀಚೆಗೆ ಹೆತ್ತವರಿಗೆಲ್ಲ ಸಿಸೇರಿಯನ್.

ಹಳೇ ಸಿಸ್ಟರ್

ಬೇಡ ಮಗಳೇ. ಖಡಾಖಂಡಿತ ಬೇಡ.

ನಿನ್ನ ಭಯ ಸುಳ್ಳಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 31 ಹೆರಿಗೆ ಸಿಸೇರಿಯನ್, ಖಾಸಗಿಯಲ್ಲಿ ಇನ್ನೂ ಜಾಸ್ತಿ. ಎಲ್ಲವೂ ಬೇಕಾಗಿದ್ದವಲ್ಲ. ಅದನ್ನು ನಿನ್ನ ಡಾಕ್ಟರ್ ಹತ್ತಿರ ಈಗಲೇ ಕೂತು ಮಾತಾಡು. ಏನಾದರೆ ಮಾತ್ರ ಕೊಯ್ಯುತ್ತೀರಿ, ನೋವಿನಲ್ಲಿ ಓಡಾಡಲು ಬಿಡುತ್ತೀರಾ, ಜೊತೆಗೆ ಅಮ್ಮ ಇರಬಹುದಾ, ಎಲ್ಲ ಕೇಳು. ಕೇಳಿದರೆ ಸಿಡುಕುವ ಡಾಕ್ಟರಾದರೆ ಬೇರೆಯವರನ್ನು ನೋಡು.

ಆದರೆ ಮಗು ಆದ ಮೇಲೆ ಮೈಯಿಂದ ರಕ್ತ ನಿಲ್ಲದೆ ಹರಿಯಲು ಶುರುವಾದರೆ ಎರಡು ಗಂಟೆ ಕೂಡ ಕೈಯಲ್ಲಿ ಇರುವುದಿಲ್ಲ. ರಕ್ತ ತಡೆಯುವ ಆಕ್ಸಿಟೋಸಿನ್ ಇಂಜೆಕ್ಷನ್ ಬೇಕು, ರಕ್ತ ಬೇಕು. ಎಂಥ ಪುಣ್ಯಾತ್ಗಿತ್ತಿಯ ಕೈಯೂ ಅದಕ್ಕೆ ಸಾಲದು. ನಮ್ಮ ರಾಜ್ಯದಲ್ಲಿ 2004-06ರಲ್ಲಿ ಒಂದು ಲಕ್ಷ ಹೆರಿಗೆಗೆ 213 ತಾಯಂದಿರು ಸಾಯುತ್ತಿದ್ದರು. 2018-20ಕ್ಕೆ ಅದು 69. ಆಶಾ ಕಾರ್ಯಕರ್ತೆಯರು ಬಂದರು, 2008ರಲ್ಲಿ 108 ಆಂಬ್ಯುಲೆನ್ಸ್ ಗಾಡಿ ಬಂತು, ಹೆಂಗಸರು ಆಸ್ಪತ್ರೆಗೆ ಬಂದರು. ಸುಮ್ನೆ ಇಳಿದಿದ್ದಲ್ಲ.

ನಮ್ಮ ಅಜ್ಜಿಯ ಇನ್ನೊಂದು ವಿಷಯ ಹೇಳುತ್ತೇನೆ ಕೇಳು. ಒಂದು ರಾತ್ರಿ ಒಬ್ಬಳಿಗೆ ಮಗು ಅಡ್ಡ ಬಿದ್ದಿತ್ತು. ಮನೆಯವರು "ನೀನೇ ಮಾಡಿಸವ್ವ, ನಿನ್ನ ಕೈಗುಣ ನಮಗೆ ಗೊತ್ತು" ಅಂತ ಕಾಲು ಹಿಡಿದರು. ಅಜ್ಜಿ ಕೈ ತೊಳೆದುಕೊಂಡು ಹೊರಗೆ ಬಂದು, "ಸಿಸ್ಟ್ರೇ, ಇದು ನನ್ನ ಕೈಲಾಗೋದಲ್ಲ, ಟ್ರ್ಯಾಕ್ಟರ್ ಹೊಂದಿಸು" ಅಂದಳು. ಮನೆ ಗಂಡಸರು ದುಡ್ಡಿಲ್ಲ, ಬೆಳಗಾಗಲಿ ಅಂತ ಗೊಣಗಿದರು. ಅವರಿಗೆ ಅವಳು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ತಾನೇ ಟ್ರ್ಯಾಕ್ಟರ್ ಹತ್ತಿ ಬಸುರಿಯ ತಲೆ ತೊಡೆ ಮೇಲಿಟ್ಟುಕೊಂಡು ತಾಲ್ಲೂಕು ಆಸ್ಪತ್ರೆಗೆ ಬಂದಳು. ತಾಯಿ ಮಗು ಇಬ್ಬರೂ ಉಳಿದರು. ಒಳ್ಳೇ ಸೂಲಗಿತ್ತಿ ಅಂದರೆ ನನ್ನ ಪ್ರಕಾರ ಯಾವುದು ತನ್ನ ಕೈಲಾಗದು ಅಂತ ಬೇಗ ಗುರುತಿಸುವವಳು.

ಎಂಟನೇ ತಿಂಗಳು

ಸರಿ ಅಕ್ಕ. ನಾಳಿದ್ದು ತಪಾಸಣೆ ಇದೆ. ಈ ಪ್ರಶ್ನೆಗಳನ್ನೆಲ್ಲ ಬರೆದುಕೊಂಡು ಹೋಗುತ್ತೇನೆ.

ಕೊಪ್ಪಳದ ಕಡೆಯವಳು

ಎಲ್ಲಾ ಓದಿದೆ. ಒಂದು ಮಾತು ಯಾರೂ ಎತ್ತಲಿಲ್ಲ. ನಾನೇ ಎತ್ತುತ್ತೇನೆ.

ನಮ್ಮ ತಾಯಿಯ ತಾಯಿ, ನಮ್ಮ ಆಯಿ, ಸೂಲಗಿತ್ತಿ ಆಗಿದ್ದಳು. ನಾವು ಊರ ಹೊರಗಿನ ಕೇರಿಯವರು. ದೊಡ್ಡ ಮನೆಯಲ್ಲಿ ಹೆರಿಗೆ ಅಂದರೆ ನಡುರಾತ್ರಿ ಆಳು ಬಂದು ಕರೆಯುತ್ತಿದ್ದ. ಆಗ ಆಯಿ ಆ ಮನೆಯ ಒಳಗಿನ ಕೋಣೆವರೆಗೂ ಹೋಗಬಹುದಿತ್ತು. ಅವರ ಸೊಸೆಯ ಮೈ ಮುಟ್ಟಬಹುದು, ಕೂಸನ್ನು ಮೊದಲು ಎತ್ತಿಕೊಳ್ಳಬಹುದು, ಮಾಸು ಹೂಳಬಹುದು, ರಕ್ತದ ಬಟ್ಟೆ ತೊಳೆಯಬಹುದು. ಪುರುಡು ಕಳೆದ ಮರುದಿನದಿಂದ ಅದೇ ಆಯಿ ಅಂಗಳದಲ್ಲಿ ನಿಲ್ಲಬೇಕು. ನೀರು ಕೇಳಿದರೆ ಮೇಲಿಂದ ಬೊಗಸೆಗೆ ಹುಯ್ಯುತ್ತಿದ್ದರು. ತಾನು ಹೆರಿಗೆ ಮಾಡಿಸಿದ ಹುಡುಗ ದೊಡ್ಡವನಾಗಿ ಅವಳನ್ನು ಏಕವಚನದಲ್ಲಿ ಕರೆದು ಬಣವೆ ಒಟ್ಟಲಿಕ್ಕೆ ಕಳಿಸಿದ್ದನ್ನು ನನ್ನ ಅವ್ವ ಇವತ್ತಿಗೂ ಮರೆತಿಲ್ಲ.

ಈಗ "ಒಂದು ಪೈಸೆ ಮುಟ್ಟಲಿಲ್ಲ" ಅನ್ನೋ ಮಾತು. ನರಸಮ್ಮ ಅವರ ಮಾತು ನಾನು ಆಡೋದಿಲ್ಲ, ಅವರದು ಅವರ ನಿರ್ಧಾರ. ಆದರೆ ನೂರಾರು ಊರಲ್ಲಿ ಸೂಲಗಿತ್ತಿಗೆ ದುಡ್ಡು ಯಾಕೆ ಇರಲಿಲ್ಲ ಅಂದರೆ, ಅದು ದುಡ್ಡು ಕೊಡಬೇಕಾದ ಕೆಲಸ ಅಂತ ಯಾರಿಗೂ ಅನಿಸಿರಲೇ ಇಲ್ಲ. ಹೊಲಸು ಬಳಿಯುವ ಕೆಲಸ, ಕೆಳಗಿನವರು ಮಾಡಬೇಕು, ಅಷ್ಟೇ. ಗಂಡು ಹುಟ್ಟಿದರೆ ಒಂದು ಸೀರೆ, ಕುಬಸದ ಕಣ, ಮೊರದ ತುಂಬ ಜೋಳ, ಒಂದು ತೆಂಗಿನಕಾಯಿ. ಹೆಣ್ಣು ಹುಟ್ಟಿದರೆ ಜೋಳ ಮಾತ್ರ, ಅದೂ ಮುಖ ಗಂಟು ಹಾಕಿಕೊಂಡು. ಕೂಸು ಹೆಣ್ಣಾದರೆ ಅದು ಆಯಿಯ ತಪ್ಪೇ?

ಹಂಗಾಗಿ "ಉಚಿತ ಸೇವೆ" ಅಂತ ದೊಡ್ಡದಾಗಿ ಬರೆದು ಖುಷಿ ಪಡುವಾಗ ಒಂದು ಗಳಿಗೆ ನಿಂತು ನೋಡಿ ಅನ್ನೋದು ನನ್ನ ವಿನಂತಿ.

ಲೆಕ್ಕದ ಮೇಷ್ಟ್ರು

ಇದು ನಿಜವಾದ ಲೆಕ್ಕ ಅಕ್ಕಾ.

ಮಧುಗಿರಿ ಮೊಮ್ಮಗಳು

ಕೊಪ್ಪಳದ ಅಕ್ಕ, ನೀವು ಬರೆದಿದ್ದನ್ನು ನಮ್ಮ ಅಮ್ಮನಿಗೆ ಓದಿ ಹೇಳಿದೆ. ನಮ್ಮ ಕಡೆಯೂ ಹೀಗೇ ಇತ್ತು ಅಂದರು.

ಒಂದು ಜಿಜ್ಞಾಸೆ ಮಾತ್ರ ಉಳಿಯುತ್ತೆ. ಕೊಡದೆ ಇದ್ದವರ ಸಣ್ಣತನ ಒಂದು ಕಡೆ ಇರಲಿ. ಕೇಳದೆ ಇದ್ದವರ ದೊಡ್ಡತನವೂ ನಿಜವೇ ತಾನೇ? ಎರಡನ್ನೂ ಒಟ್ಟಿಗೆ ಹಿಡಿಯಬಹುದು ಅನಿಸುತ್ತೆ. ನರಸಮ್ಮ ಅವರಿಗೆ ಹೆಸರು ಬಂದ ಮೇಲೂ ಅವರು ಬೋರ್ಡು ಹಾಕಿಕೊಳ್ಳಲಿಲ್ಲ, ಆಶ್ರಮ ಕಟ್ಟಲಿಲ್ಲ, ಲೇಹ್ಯದ ಡಬ್ಬಿ ಮೇಲೆ ತಮ್ಮ ಫೋಟೋ ಹಾಕಿಸಲಿಲ್ಲ. ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಅವರ ಸ್ವಾತಂತ್ರ್ಯ ಅಂದರೆ ನನಗೆ ಇದು ಕೂಡ. ಯಾರ ಹಂಗಿಗೂ ಬೀಳದೆ ಇರೋದು.

ಇನ್ನು ಯಾರನ್ನು ಕೇಳಿ ಹೊರಡುತ್ತಿದ್ದರು ಅನ್ನೋ ನನ್ನ ಮೊದಲ ಪ್ರಶ್ನೆಗೆ ಅಮ್ಮ ನಕ್ಕುಬಿಟ್ಟರು. ಹೆರಿಗೆ ನೋವಿನ ಕರೆ ಬಂದಾಗ ತಡೆದರೆ ಆ ಪಾಪ ತಮ್ಮ ಮನೆಗೇ ಸುತ್ತಿಕೊಳ್ಳುತ್ತೆ ಅಂತ ಗಂಡಸರಿಗೆ ಹೆದರಿಕೆ ಇತ್ತಂತೆ. ಅತ್ತೆ ಬೈಯುವ ಹಾಗಿಲ್ಲ, ಗಂಡ ತಡೆಯುವ ಹಾಗಿಲ್ಲ. ಕತ್ತಲಲ್ಲಿ ಒಬ್ಬಳೇ ಓಡಾಡಿದರೂ ಯಾರೂ ಸೊಲ್ಲೆತ್ತುವ ಹಾಗಿಲ್ಲ. ಊರಲ್ಲಿ ಬೇರಾವ ಹೆಂಗಸಿಗೂ ಇಲ್ಲದ ಸಲಿಗೆ ಅದು.

ಶಿರಾ ಸೀಮೆ

ಸ್ವಲ್ಪ ಪಕ್ಕದ ಮಾತು. ಪದ್ಮಶ್ರೀ ಪಟ್ಟಿ ನೋಡಿದ್ದೀರಾ? 2017ರಲ್ಲಿ ಅಂಕೋಲಾದ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ. 2018ರಲ್ಲಿ ನರಸಮ್ಮ. 2019ರಲ್ಲಿ ಸಾಲುಮರದ ತಿಮ್ಮಕ್ಕ. 2020ರಲ್ಲಿ ಗಿಡ ಬೆಳೆಸಿದ ಹೊನ್ನಳ್ಳಿಯ ತುಳಸಿ ಗೌಡ. 2021ರಲ್ಲಿ ಜೋಗತಿ ನೃತ್ಯದ ಮಂಜಮ್ಮ ಜೋಗತಿ. ವರ್ಷಕ್ಕೊಬ್ಬರ ಹಾಗೆ ಐದು ವರ್ಷ. ಒಬ್ಬರಿಗೂ ಕಾಲೇಜು ಇಲ್ಲ, ಒಬ್ಬರ ಹಿಂದೆಯೂ ದೊಡ್ಡ ಮನೆತನ ಇಲ್ಲ. ಸುಕ್ರಜ್ಜಿ, ತಿಮ್ಮಕ್ಕ, ತುಳಸಜ್ಜಿ ಮೂವರೂ ಈಗಿಲ್ಲ. ನಾವು ಇವರನ್ನು ಗುರುತಿಸಿದ್ದು ಬಹುಪಾಲು ಎಪ್ಪತ್ತು ಎಂಬತ್ತು ದಾಟಿದ ಮೇಲೆ. ನರಸಮ್ಮನಿಗೆ ಪ್ರಶಸ್ತಿ ಬಂದಾಗ 97-98. ನಲವತ್ತರಲ್ಲಿ ಒಂದು ಒಳ್ಳೇ ಟಾರ್ಚು ಕೊಟ್ಟಿದ್ದರೆ ಹೆಚ್ಚು ಉಪಕಾರ ಆಗುತ್ತಿತ್ತೇನೋ!

ದೋಹಾದಿಂದ

ಟಾರ್ಚಿನ ಮಾತಿಗೆ ನಗು ಬಂತು ಸಾರ್. ಆದರೆ ನಿಜ.

ನಾನು ಸೂಲಗಿತ್ತಿಯ ಕೈಯಲ್ಲೇ ಹುಟ್ಟಿದವನು, ಚಳ್ಳಕೆರೆ ಹತ್ತಿರದ ಹಳ್ಳಿ. ಜನನ ನೋಂದಣಿ ಕಾಯ್ದೆ 1969ರಲ್ಲೇ ಬಂದಿತ್ತು, ನಮ್ಮ ಊರಿಗೆ ಮಾತ್ರ ಬಂದಿರಲಿಲ್ಲ. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ಟರು ಜೂನ್ 1 ಅಂತ ಬರೆದರು. ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಜನ ಜೂನ್ 1ರಂದೇ ಹುಟ್ಟಿದವರು. ಇಲ್ಲಿ ಕಂಪನಿಯಲ್ಲಿ ಹುಟ್ಟುಹಬ್ಬಕ್ಕೆ ಕೇಕ್ ತರುತ್ತಾರೆ, ನಾನು ಸುಮ್ನೆ ತಿನ್ನುತ್ತೇನೆ.

ನಿಜವಾದ ದಿನ ಗೊತ್ತಿದ್ದಿದ್ದು ಆ ಅಜ್ಜಿಗೆ ಮಾತ್ರ. ಊರ ಜಾತ್ರೆಯ ತೇರು ಎಳೆದ ಮಾರನೇ ರಾತ್ರಿ, ನಮ್ಮ ಕರೀ ಎಮ್ಮೆ ಈಯ್ದ ವಾರ. ಯಾರ ಮನೆ ಹುಡುಗ ಯಾರಿಗಿಂತ ದೊಡ್ಡವನು ಅಂತ ಜಗಳ ಬಂದರೆ ಅವಳ ಹತ್ತಿರ ಹೋಗುತ್ತಿದ್ದೆವು. ಜಾತಕ ಬರೆಸುವಾಗ ಜೋಯಿಸರೂ ಅವಳನ್ನೇ ಕರೆಸಿ ಕೇಳುತ್ತಿದ್ದರು. ಆಸ್ತಿ ಪಾಲಿನ ಪಂಚಾಯ್ತಿಯಲ್ಲಿ "ಇವನು ಇವಳ ಹೊಟ್ಟೆಯಲ್ಲೇ ಹುಟ್ಟಿದ್ದು, ನಾನೇ ತೆಗೆದಿದ್ದು" ಅಂತ ಸಾಕ್ಷಿ ಹೇಳಿ ಒಬ್ಬ ವಿಧವೆಗೆ ಹೊಲ ಉಳಿಸಿಕೊಟ್ಟಳು. ಎದುರು ಪಕ್ಷದವರು ಬೆದರಿಸಿದ್ದರಂತೆ. "ನಿನ್ನನ್ನೂ ನಾನೇ ತೆಗೆದಿದ್ದು, ಬಾಯಿ ಮುಚ್ಚು" ಅಂದಳಂತೆ.

ಊರಿಗೆ ಹೋದಾಗ ಅವಳಿಗೆ ಐನೂರು ರೂಪಾಯಿ ಕೊಟ್ಟೆ. ತೆಗೆದುಕೊಂಡಳು. ಸಂಜೆ ಅದೇ ದುಡ್ಡಿನಲ್ಲಿ ಪಕ್ಕದ ಮನೆ ಬಾಣಂತಿಗೆ ಬೆಳ್ಳುಳ್ಳಿ, ಮೆಣಸು, ಒಣಕೊಬ್ಬರಿ ತಂದಿದ್ದಳು.

ಕೊಪ್ಪಳದ ಕಡೆಯವಳು

ಆ ಸಾಕ್ಷಿ ಮಾತು ಭಾಳ ಚಲೋ ಇತ್ತು ಅಣ್ಣ. ನಮ್ಮ ಆಯಿಯೂ ಎಷ್ಟೋ ಮನೆಯ ಗುಟ್ಟು ಹೊತ್ತುಕೊಂಡೇ ಹೋದಳು. ಯಾರ ಕೂಸು ಯಾವಾಗ ಹುಟ್ಟಿತು, ಯಾರಿಗೆ ಮದುವೆಗಿಂತ ಮೊದಲೇ ಹೊಟ್ಟೆ ಬಂದಿತ್ತು, ಎಲ್ಲಾ ಗೊತ್ತಿತ್ತು. ಒಂದೂ ಹೊರಗೆ ಬಿಡಲಿಲ್ಲ. ನಾವು ಮೊಮ್ಮಕ್ಕಳು ಕೆದಕಿದರೆ ಹೊಗೆಸೊಪ್ಪು ಬಾಯಿಗೆ ಹಾಕಿಕೊಂಡು ಮಾತು ನಿಲ್ಲಿಸುತ್ತಿದ್ದಳು.

ನರ್ಸಿಂಗ್ ವಿದ್ಯಾರ್ಥಿನಿ

ಹಳೇ ಸಿಸ್ಟರ್ ಮೇಡಂ, ಒಂದು ಪ್ರಶ್ನೆ. ಸೂಲಗಿತ್ತಿಯರು ಹೋದರು, ಸರಿ. ಆ ಜಾಗಕ್ಕೆ ಯಾರು ಬಂದರು? ನಾನು ಡ್ಯೂಟಿ ಮಾಡುವ ಹೆರಿಗೆ ವಾರ್ಡಿನಲ್ಲಿ ನೋವು ತಿನ್ನುವವರ ಪಕ್ಕ ಕೂರಲಿಕ್ಕೆ ಯಾರಿಗೂ ಪುರುಸೊತ್ತು ಇಲ್ಲ. ಕೂಗಿದರೆ ಗದರುತ್ತಾರೆ. ಒಬ್ಬ ಹುಡುಗಿಗೆ ಕೆನ್ನೆಗೆ ಹೊಡೆದಿದ್ದನ್ನೂ ನೋಡಿದೆ.

ಹಳೇ ಸಿಸ್ಟರ್

ಇದು ನಮ್ಮ ವೃತ್ತಿಯ ನಾಚಿಕೆ. ಮುಚ್ಚಿಡುವಂಥದ್ದಲ್ಲ.

ನೋಡು, ಸರ್ಕಾರಕ್ಕೂ ಇದು ತಡವಾಗಿ ಹೊಳೆಯಿತು. 2018ರ ಡಿಸೆಂಬರಿನಲ್ಲಿ, ನರಸಮ್ಮ ತೀರಿಕೊಂಡ ಅದೇ ತಿಂಗಳು, ಕೇಂದ್ರ ಸರ್ಕಾರ ಮಿಡ್‌ವೈಫರಿ, ಅಂದರೆ ತರಬೇತಿ ಪಡೆದ ಸೂಲಗಿತ್ತಿಯರ ಸೇವೆಗೆ ಹೊಸ ಮಾರ್ಗಸೂಚಿ ತಂದಿತು. ನರ್ಸಿಂಗ್ ಓದಿದವರಿಗೆ ಹದಿನೆಂಟು ತಿಂಗಳ ತರಬೇತಿ ಕೊಟ್ಟು, ಸಲೀಸಾದ ಹೆರಿಗೆಗಳನ್ನು ಅವರೇ ನಡೆಸಬೇಕು, ತೊಡಕಾದರೆ ಡಾಕ್ಟರಿಗೆ ಒಪ್ಪಿಸಬೇಕು ಅನ್ನೋದು ಲೆಕ್ಕ. ತಾಯಿಯನ್ನು ಮರ್ಯಾದೆಯಿಂದ ನಡೆಸಿಕೊಳ್ಳಬೇಕು ಅಂತಲೂ ಅದರಲ್ಲಿ ಬರೆದಿದೆ. ಕಾಗದದಲ್ಲಿ ಚೆನ್ನಾಗಿದೆ. ವಾರ್ಡಿಗೆ ಇಳಿಯಬೇಕು.

ನೀನು ಆ ಕೋರ್ಸು ಮಾಡು. ಆಸ್ಪತ್ರೆಯ ರಕ್ತ, ಇಂಜೆಕ್ಷನ್ನು, ಥಿಯೇಟರು ಎಲ್ಲ ಕೈಯಳತೆಯಲ್ಲಿ ಇರಲಿ. ಆದರೆ ಹುಡುಗಿಯ ಪಕ್ಕ ಕೂತು ಸೊಂಟ ನೀವು, ನೀರು ಕುಡಿಸು, ಅವಳ ಹೆಸರು ಹಿಡಿದು ಕರೆ. ಅಜ್ಜಿಯಂದಿರಿಂದ ನಾವು ತೆಗೆದುಕೊಳ್ಳಬೇಕಾಗಿದ್ದು ನಾರುಬೇರಿಗಿಂತ ಜಾಸ್ತಿ ಇದನ್ನು. ಅದನ್ನೇ ಆಸ್ಪತ್ರೆ ಗೇಟಿನ ಹೊರಗೆ ಬಿಟ್ಟು ಬಂದೆವು. ಮೊದಲ ಕಾಲದಲ್ಲಿ ಸರ್ಕಾರದವರೇ ಹಳ್ಳಿಯ ಸೂಲಗಿತ್ತಿಯರಿಗೆ ತರಬೇತಿ ಕೊಟ್ಟು ಕಿಟ್ ಕೊಡುತ್ತಿದ್ದರು. ಆಮೇಲೆ ಇದ್ದಕ್ಕಿದ್ದಂತೆ ನೀವು ಬೇಡ ಅಂದರು. ಹೆರಿಗೆ ಮಾಡಿಸುವುದು ಬೇಡ, ಒಪ್ಪಿದೆ. ಪಕ್ಕದಲ್ಲಿ ಕೂರಲಿಕ್ಕಾದರೂ ಒಳಗೆ ಬಿಡಬಹುದಿತ್ತಲ್ಲ?

ಶೇಂಗಾ ಹೊಲ

ಸಿಸ್ಟರ್ ಅಮ್ಮ, ಈ ಮಾತು ಚೌಕಟ್ಟು ಹಾಕಿ ನೇತುಹಾಕುವಂಥದ್ದು.

ಲೆಕ್ಕದ ಮೇಷ್ಟ್ರು

ನೇತುಹಾಕಿದರೆ ಅದೂ ವಾಟ್ಸಾಪ್ ಫೋಟೋ ಆಗುತ್ತೆ, ಬೇಡ ಬಿಡಿ.

ನನ್ನದೊಂದು ಸಲಹೆ. ತಾಲ್ಲೂಕಿಗೆ ಒಬ್ಬಿಬ್ಬರಾದರೂ ಹಳೇ ಸೂಲಗಿತ್ತಿಯರು ಇನ್ನೂ ಬದುಕಿದ್ದಾರೆ. ಎಂಬತ್ತು ದಾಟಿರುತ್ತಾರೆ. ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿ. ಎಷ್ಟು ಹೆರಿಗೆ ಅಂತ ಮೊದಲೇ ಕೇಳಬೇಡಿ, ಕೇಳಿದರೆ ಅವರೂ ಒಂದು ದೊಡ್ಡ ಸಂಖ್ಯೆ ಹೇಳಿ ಸುಮ್ಮನಾಗುತ್ತಾರೆ. ಯಾರಿಂದ ಕಲಿತಿರಿ, ಕೈಲಾಗಲಿಲ್ಲ ಅಂತ ಬಿಟ್ಟಿದ್ದು ಯಾವುದು, ಯಾವ ಮನೆಗೆ ಹೋಗಲಿಕ್ಕೆ ಮನಸ್ಸು ಇರುತ್ತಿರಲಿಲ್ಲ, ಏನು ಕೊಟ್ಟರು, ಇಂಥವು ಕೇಳಿ. ಹೆಸರು ಊರು ಹಾಕುವ ಮೊದಲು ಒಪ್ಪಿಗೆ ತೆಗೆದುಕೊಳ್ಳಿ.

ಮಧುಗಿರಿ ಮೊಮ್ಮಗಳು

ನಾನು ತಯಾರು ಮೇಷ್ಟ್ರೇ. ಮಧುಗಿರಿ, ಕೊರಟಗೆರೆ ಕಡೆ ನಾನು ನೋಡಿಕೊಳ್ಳುತ್ತೇನೆ. ಪಾವಗಡ ಶೇಂಗಾ ಅಣ್ಣನದು, ತೆಲುಗು ಬರುವವರು ಜೊತೆಗೆ ಬೇಕು. ಕೊಪ್ಪಳದ ಅಕ್ಕ, ನಿಮ್ಮ ಅವ್ವನ ಹತ್ತಿರ ಮಾತಾಡಿಸಬಹುದಾ? ಆಯಿ ಇಲ್ಲದಿದ್ದರೂ ಅವ್ವನಿಗೆ ಗೊತ್ತಿರುವುದೇ ಬೇಕಾದಷ್ಟು ಇದೆ ಅನಿಸುತ್ತೆ.

ಕೊಪ್ಪಳದ ಕಡೆಯವಳು

ಮಾತಾಡ್ತಾಳೆ. ಆದರೆ ಬಣವೆ ವಿಷಯ ಎತ್ತಿದರೆ ಬೈಗುಳ ಬರುತ್ತೆ, ಅದನ್ನು ತೆಗೆಯಬಾರದು, ಹಾಗೇ ಇಡಬೇಕು. ಸಂಜೆ ಏಳರ ಮೇಲೆ ಫೋನ್ ಮಾಡಿ. ಹಗಲು ಕುರಿ ಹಿಂದೆ ಹೋಗಿರುತ್ತಾಳೆ, ಸಿಗ್ನಲ್ ಸಿಗೋದಿಲ್ಲ.